ಹೆಣ್ಣುಮಕ್ಕಳ ಕಾಲೇಜಿಗೆ ಸೇರಲೇ ಎಂದು ಕೇಳಿದವಳಿಗೆ

ನನ್ನ ಅಕ್ಕನ ಮಗಳು ಈ ವರ್ಷ ಪದವಿಗೆ ಸೇರಬೇಕು. ಭೌತಶಾಸ್ತ್ರವನ್ನೇ ಓದುತ್ತೇನೆಂದು ಅವಳು ಎರಡು ವರ್ಷದ ಹಿಂದೆಯೇ ನಿರ್ಧರಿಸಿದ್ದಾಳೆ, ಅದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಎಲ್ಲಿ ಓದಬೇಕು ಎಂಬುದರಲ್ಲಿ. ಸೋಸಿ ಸೋಸಿ ಕೊನೆಗೆ ಉಳಿದ ಮೂರು ಕಾಲೇಜುಗಳಲ್ಲಿ ಒಂದು ಸಹಶಿಕ್ಷಣದ್ದು, ಎರಡು ಮಹಿಳಾ ಕಾಲೇಜುಗಳು. ಆ ಎರಡರಲ್ಲಿ ಒಂದು ನಾನು ಓದಿದ ಕಾಲೇಜು. ಹೀಗಾಗಿ ಮನೆಯವರೆಲ್ಲ ಸೇರಿ ತೀರ್ಮಾನದ ಹೊರೆಯನ್ನು ನನ್ನ ತಲೆಗೆ ಕಟ್ಟಿದರು. "ನೀನೇ ಒಂದು ಮಾತು ಹೇಳಿಬಿಡು, ನಿನ್ನ ಮಾತಾದರೆ ಕೇಳುತ್ತಾಳೆ" ಎಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಭಾವನವರ ದನಿಯೂ ಕೇಳಿಸಿತು: "ಹೆಣ್ಣುಮಕ್ಕಳ ಕಾಲೇಜಾದರೆ ನಮಗೂ ನಿಶ್ಚಿಂತೆ." ಮಗಳು ಮಾತ್ರ ಮರುದಿನ ತಾನೇ ಬೇರೆಯಾಗಿ ಫೋನ್ ಮಾಡಿ, "ಚಿಕ್ಕಮ್ಮ, ಅಲ್ಲಿ ಓದಿದ್ದರಿಂದ ನಿನಗೆ ನಿಜವಾಗಿಯೂ ಒಳ್ಳೆಯದಾಯಿತೋ, ಇಲ್ಲ ನೀನು ಎಲ್ಲಿ ಓದಿದ್ದರೂ ಹೀಗೇ ಇರುತ್ತಿದ್ದೆಯೋ?" ಎಂದು ಕೇಳಿದಳು. ಅವಳಿಗೆ ಆಗ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾವನವರ ನಿಶ್ಚಿಂತೆಯ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಈ ಮಾತು ಶುರುವಾಗುವುದೂ ಅಲ್ಲಿಂದಲೇ, ಮುಗಿದುಹೋಗುವುದೂ ಅಲ್ಲಿಯೇ. ಮಹಿಳಾ ಕಾಲೇಜು ಎಂದೊಡನೆ ಹೆತ್ತವರ ಕಣ್ಣಿಗೆ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಸಂಜೆಯ ಹಾಜರಿ ಇವೇ ಕಾಣುತ್ತವೆ. ಆ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಂಪೌಂಡಿನ ಒಳಗೂ ಪುರುಷ ಉಪನ್ಯಾಸಕರಿರುತ್ತಾರೆ, ಕಚೇರಿ ಸಿಬ್ಬಂದಿಯಿರುತ್ತಾರೆ, ಹೊರಗಿನ ರಸ್ತೆಯಂತೂ ಎಲ್ಲ ಕಾಲೇಜುಗಳಿಗೂ ಒಂದೇ. ಸುರಕ್ಷತೆಯ ಬಗ್ಗೆ ನಿಜವಾಗಿ ಕಾಳಜಿಯಿರುವವರು ಗೋಡೆಯ ಎತ್ತರವನ್ನು ಅಳೆಯುವ ಬದಲು, ಲೈಂಗಿಕ ಕಿರುಕುಳದ ದೂರುಗಳನ್ನು ಕೇಳುವ ಸಮಿತಿ ಇದೆಯೇ, ಅದರ ಸದಸ್ಯರ ಹೆಸರು ವಿದ್ಯಾರ್ಥಿನಿಯರಿಗೆ ಗೊತ್ತಿದೆಯೇ, ದೂರು ಕೊಟ್ಟವಳು ಆಮೇಲೆ ಅದೇ ಕಾಲೇಜಿನಲ್ಲಿ ತಲೆಯೆತ್ತಿಕೊಂಡು ಓದು ಮುಗಿಸಿದಳೇ ಎಂದು ವಿಚಾರಿಸಬೇಕು. ಈ ಪ್ರಶ್ನೆಗಳನ್ನು ಮಹಿಳಾ ಕಾಲೇಜಿನಲ್ಲೂ ಕೇಳಬೇಕು, ಬೇರೆ ಕಾಲೇಜಿನಲ್ಲೂ ಕೇಳಬೇಕು. ಗಂಡುಮಕ್ಕಳಿಲ್ಲ ಎಂಬುದೊಂದೇ ಆಯ್ಕೆಗೆ ಕಾರಣವಾದರೆ, ಅದು ಹೆತ್ತವರು ತಮಗಾಗಿ ಮಾಡಿಕೊಂಡ ಆಯ್ಕೆ. ಓದಬೇಕಾದವಳಿಗೆ ಅದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ.

ಆ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ ಬಹಳ ಸರಳವಾಗಿತ್ತು: ಬೇರೆ ಬಾಗಿಲೇ ಇರಲಿಲ್ಲ. ಅಮೆರಿಕದಲ್ಲಿ ಮೇರಿ ಲಯನ್ ಮೌಂಟ್ ಹೋಲಿಯೋಕ್ ಸಂಸ್ಥೆಯನ್ನು ಆರಂಭಿಸಿದ 1837ರಲ್ಲಾಗಲಿ, ಇಂಗ್ಲೆಂಡಿನಲ್ಲಿ ಗರ್ಟನ್ ಕಾಲೇಜು ಹುಟ್ಟಿದ 1869ರಲ್ಲಾಗಲಿ, ಹೆಣ್ಣುಮಕ್ಕಳು ದೊಡ್ಡ ವಿಶ್ವವಿದ್ಯಾಲಯಗಳ ತರಗತಿಗೆ ಹೋಗಿ ಕೂರುವುದನ್ನು ಹೆಚ್ಚಿನವರು ಕಲ್ಪಿಸಿಕೊಳ್ಳಲೂ ಸಿದ್ಧರಿರಲಿಲ್ಲ. ಕಲ್ಕತ್ತೆಯ ಬೆಥೂನ್ ಶಾಲೆಯಲ್ಲಿ 1879ರಲ್ಲಿ ಕಾಲೇಜು ತರಗತಿಗಳು ಶುರುವಾದವು. ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಅಲ್ಲಿ ಓದಿ ಪದವಿ ಪಡೆದರು, ಚಂದ್ರಮುಖಿ ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲೆಯೂ ಆದರು. ಬ್ರಿನ್ ಮಾರ್ ಎಂಬ ಅಮೆರಿಕದ ಮಹಿಳಾ ಕಾಲೇಜಿನಲ್ಲಿ ಓದಿಬಂದ ತ್ಸುದಾ ಉಮೆಕೊ 1900ರಲ್ಲಿ ಟೋಕಿಯೊದಲ್ಲಿ ತಮ್ಮದೇ ಶಾಲೆ ತೆರೆದರು. ಧೋಂಡೊ ಕೇಶವ ಕರ್ವೆಯವರು ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು 1916ರಲ್ಲಿ. ಇವೆಲ್ಲ ಹಳೆಯ ಕಥೆ ಎಂದುಕೊಳ್ಳುವವರಿಗೆ ಒಂದು ಮಾತು: ಕೇಂಬ್ರಿಜ್ ವಿಶ್ವವಿದ್ಯಾಲಯವು ಹೆಣ್ಣುಮಕ್ಕಳಿಗೆ ಪೂರ್ಣ ಪ್ರಮಾಣದ ಪದವಿ ಕೊಡಲು ಶುರುಮಾಡಿದ್ದು 1948ರಲ್ಲಿ. ಅಲ್ಲಿನ ಗರ್ಟನ್ ಮತ್ತು ನ್ಯೂನಮ್ ಮಹಿಳಾ ಕಾಲೇಜುಗಳ ಹುಡುಗಿಯರು ಅಲ್ಲಿಯವರೆಗೂ ಗಂಡುಮಕ್ಕಳು ಬರೆದ ಪರೀಕ್ಷೆಯನ್ನೇ ಬರೆಯುತ್ತಿದ್ದರು, ತೇರ್ಗಡೆಯೂ ಆಗುತ್ತಿದ್ದರು, ಪದವಿ ಮಾತ್ರ ಸಿಗುತ್ತಿರಲಿಲ್ಲ.

ಆಮೇಲೆ ಬಾಗಿಲುಗಳು ತೆರೆದವು, ಹಾಗೆ ತೆರೆದಾಗ ಮಹಿಳಾ ಕಾಲೇಜುಗಳೂ ತಮ್ಮ ಬಾಗಿಲು ತೆರೆದವು. ಅಮೆರಿಕದ ವ್ಯಾಸರ್ ಕಾಲೇಜು, ಯೇಲ್ ವಿಶ್ವವಿದ್ಯಾಲಯದೊಂದಿಗೆ ಸೇರಿಕೊಳ್ಳುವ ಆಹ್ವಾನವನ್ನು ನಿರಾಕರಿಸಿ, 1969ರಲ್ಲಿ ತಾನೇ ಗಂಡುಮಕ್ಕಳನ್ನು ಸೇರಿಸಿಕೊಂಡಿತು. ಗರ್ಟನ್ 1979ರಲ್ಲಿ, ಆಕ್ಸ್‌ಫರ್ಡಿನ ಸಾಮರ್‌ವಿಲ್ 1994ರಲ್ಲಿ, ಸೇಂಟ್ ಹಿಲ್ಡಾಸ್ 2008ರಲ್ಲಿ ಅದೇ ಹಾದಿ ಹಿಡಿದವು. ಅಮೆರಿಕದಲ್ಲಿ 1960ರ ದಶಕದಲ್ಲಿ ಇನ್ನೂರಕ್ಕೂ ಹೆಚ್ಚಿದ್ದ ಮಹಿಳಾ ಕಾಲೇಜುಗಳ ಸಂಖ್ಯೆ ಈಗ ನಲವತ್ತಕ್ಕಿಂತ ಕಡಿಮೆ. ಹಾಗಾದರೆ ಉಳಿದುಕೊಂಡವು ಏಕೆ ಉಳಿದುಕೊಂಡಿವೆ? ಕೆಲವು ಕೇವಲ ಅಭ್ಯಾಸಬಲದಿಂದ ಉಳಿದಿವೆ, ಕೆಲವು ಭಾವನವರಂಥ ತಂದೆಯಂದಿರ ನಿಶ್ಚಿಂತೆಯ ಮೇಲೆ ನಡೆಯುತ್ತಿವೆ. ಇನ್ನು ಕೆಲವಕ್ಕೆ ತಾವು ಏನು ಮಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಿ ಗೊತ್ತಿದೆ. ಈ ಮೂರನೆಯ ಬಗೆಯ ಕಾಲೇಜನ್ನು ಮೊದಲ ಎರಡರಿಂದ ಬೇರ್ಪಡಿಸಿ ಗುರುತಿಸುವುದೇ ಈ ನಿರ್ಧಾರದಲ್ಲಿ ಕಷ್ಟದ ಭಾಗ. ಹೊರಗಿನಿಂದ ನೋಡಿದರೆ ಮೂರರ ಗೇಟೂ ಒಂದೇ ರೀತಿ ಇರುತ್ತದೆ.

ನನಗೆ ಅದು ಗೊತ್ತಾದದ್ದು ಪ್ರಯೋಗಶಾಲೆಯಲ್ಲಿ. ಪದವಿಗೆ ಮೊದಲು ಎರಡು ವರ್ಷ ನಾನು ಹುಡುಗ-ಹುಡುಗಿಯರು ಸೇರಿ ಓದುವ ಕಾಲೇಜಿನಲ್ಲಿದ್ದೆ. ಅಲ್ಲಿ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾಲ್ವರ ತಂಡ; ಎರಡು ಹುಡುಗರು, ಎರಡು ಹುಡುಗಿಯರು. ಯಾರೂ ಹೀಗೆಯೇ ಆಗಬೇಕೆಂದು ಹೇಳಿರಲಿಲ್ಲ, ಆದರೂ ಎರಡನೆಯ ವಾರದ ಹೊತ್ತಿಗೆ ಹುಡುಗರು ತಂತಿ ಜೋಡಿಸುವವರೂ ನಾವು ರೀಡಿಂಗ್ ಬರೆದುಕೊಳ್ಳುವವರೂ ಆಗಿಬಿಟ್ಟಿದ್ದೆವು. ನನ್ನ ಅಕ್ಷರ ದುಂಡಗಿತ್ತು, ರೆಕಾರ್ಡ್ ಪುಸ್ತಕಕ್ಕೆ ಪೂರ್ಣ ಅಂಕ ಬರುತ್ತಿತ್ತು, ನಾನು ಲ್ಯಾಬಿನಲ್ಲಿ ಚುರುಕು ಎಂದೇ ನಂಬಿದ್ದೆ. ಮಹಿಳಾ ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲಿ ನಾಲ್ವರು ಹುಡುಗಿಯರು ಒಂದು ಆಸಿಲೋಸ್ಕೋಪಿನ ಮುಂದೆ ನಿಂತೆವು. ವಿದ್ಯುತ್ತಿನ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆ ಯಂತ್ರವನ್ನು ನಾವು ಸಿ.ಆರ್.ಓ. ಎಂದೇ ಕರೆಯುತ್ತಿದ್ದೆವು. ಪರದೆಯ ಮೇಲೆ ಹಸಿರು ಗೆರೆಯೊಂದು ನಿಲ್ಲದೆ ಪಕ್ಕಕ್ಕೆ ಓಡುತ್ತಿತ್ತು. ನಾಲ್ವರ ಕೈಯಲ್ಲೂ ಪೆನ್ನು, ನಾಲ್ವರ ಮುಂದೆಯೂ ತೆರೆದ ಪುಸ್ತಕ. ಐದು ನಿಮಿಷ ಕಳೆದಿರಬೇಕು. ಹಿಂದಿನಿಂದ ಬಂದ ಮೇಡಂ ನಮ್ಮನ್ನೂ ಯಂತ್ರವನ್ನೂ ಒಮ್ಮೆ ನೋಡಿ, "ಯಾರು ಬರಲಿ ಅಂತ ಕಾಯುತ್ತಿದ್ದೀರಿ?" ಎಂದು ಕೇಳಿ ಮುಂದಿನ ಮೇಜಿಗೆ ಹೋದರು. ಸಹಾಯ ಮಾಡಲಿಲ್ಲ. ಆ ದಿನ ನಾವು ಗೆರೆಯನ್ನು ನಿಲ್ಲಿಸುವಷ್ಟರಲ್ಲಿ ಲ್ಯಾಬಿನ ಹೊತ್ತು ಮುಗಿದಿತ್ತು, ಒಂದು ರೀಡಿಂಗೂ ಸಿಗಲಿಲ್ಲ. ಆದರೆ ಟ್ರಿಗರ್ ಎಂದು ಬರೆದ ಆ ಸಣ್ಣ ಗುಂಡಿಯನ್ನು ತಿರುಗಿಸಿದ್ದು ನನ್ನ ಬೆರಳು. ಅದು ನನಗೆ ಇಂದಿಗೂ ನೆನಪಿದೆ.

ಮಹಿಳಾ ಕಾಲೇಜಿನ ಪರವಾಗಿ ನನಗೆ ಗೊತ್ತಿರುವ ಒಂದೇ ಗಟ್ಟಿಯಾದ ವಾದ ಇದು. ಕೆಲಸವನ್ನು ದಾಟಿಸಲು ಅಲ್ಲಿ ಯಾರೂ ಇರುವುದಿಲ್ಲ. ವಿದ್ಯಾರ್ಥಿ ಸಂಘದ ಅಧ್ಯಕ್ಷೆಯೂ ಹುಡುಗಿಯೇ, ಖಜಾಂಚಿಯೂ ಹುಡುಗಿಯೇ, ವಾರ್ಷಿಕೋತ್ಸವಕ್ಕೆ ಏಣಿ ಹತ್ತಿ ಬಲ್ಬು ಕಟ್ಟುವವಳೂ ಹುಡುಗಿಯೇ, ಸೋತ ತಂಡದ ನಾಯಕಿಯೂ ಹುಡುಗಿಯೇ. ಸೋಲುವುದಕ್ಕೂ ತಪ್ಪು ಮಾಡುವುದಕ್ಕೂ ಅಲ್ಲಿ ಜಾಗವಿರುತ್ತದೆ ಎಂಬುದನ್ನು ಜನ ಹೇಳುವುದು ಕಡಿಮೆ, ಆದರೆ ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು: ಅಲ್ಲಿ ಒಬ್ಬಳು ಲೆಕ್ಕ ತಪ್ಪಿದರೆ ಅವಳು ತಪ್ಪಿದಳು ಎನ್ನುತ್ತಾರೆ, ಹುಡುಗಿಯರಿಗೆ ಲೆಕ್ಕ ಬರುವುದಿಲ್ಲ ಎನ್ನುವುದಿಲ್ಲ. ಸಹಶಿಕ್ಷಣದ ತರಗತಿಗಳಲ್ಲಿ ಹೆಣ್ಣುಮಕ್ಕಳನ್ನು ಯಾರೂ ಬೈಯದೆಯೇ, ತಡೆಯದೆಯೇ, ಸಣ್ಣ ಸಣ್ಣ ವರ್ತನೆಗಳಿಂದ ಹಿಂದಕ್ಕೆ ಸರಿಸಲಾಗುತ್ತದೆ ಎಂಬುದನ್ನು ಅಮೆರಿಕದ ರಾಬರ್ಟಾ ಹಾಲ್ ಮತ್ತು ಬರ್ನಿಸ್ ಸ್ಯಾಂಡ್ಲರ್ 1982ರ ತಮ್ಮ ವರದಿಯಲ್ಲಿ ವಿವರಿಸಿದ್ದರು. ಹುಡುಗಿ ಮಾತಾಡುವಾಗ ಅರ್ಧಕ್ಕೆ ತಡೆಯುವುದು, ಅವಳಿಗೆ ಸುಲಭದ ಪ್ರಶ್ನೆ ಕೇಳುವುದು, ಹುಡುಗನ ಹೆಸರು ಹಿಡಿದು ಕರೆದು ಹುಡುಗಿಯ ಹೆಸರನ್ನು ಮರೆಯುವುದು ಇಂಥವು. ಅವರು ಅದನ್ನು ತಣ್ಣಗಿನ ಹವೆಗೆ ಹೋಲಿಸಿದ್ದರು. ಚಳಿಯಲ್ಲಿ ಬಹಳ ಹೊತ್ತು ಕೂತವರಿಗೆ ಚಳಿಯೇ ಗೊತ್ತಾಗುವುದಿಲ್ಲವಲ್ಲ, ನಮ್ಮ ಲ್ಯಾಬಿನಲ್ಲಿ ಆದದ್ದೂ ಅದೇ.

ಈಗ ಅವಳ ಪ್ರಶ್ನೆ. ನಾನು ಎಲ್ಲಿ ಓದಿದ್ದರೂ ಹೀಗೇ ಇರುತ್ತಿದ್ದೆನೇ? ತಮಾಷೆಯೆಂದರೆ, ವಿದ್ವಾಂಸರೂ ದಶಕಗಳಿಂದ ಇದನ್ನೇ ಕೇಳಿಕೊಂಡು ಜಗಳವಾಡಿದ್ದಾರೆ. ಶರೀರಕ್ರಿಯಾ ವಿಜ್ಞಾನಿ ಎಲಿಜಬೆತ್ ಟಿಡ್‌ಬಾಲ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಕಿಯರ ಪರಿಚಯಕೋಶದಲ್ಲಿ ಹೆಸರು ಸೇರಿದ ಮಹಿಳೆಯರ ಪೈಕಿ ಮಹಿಳಾ ಕಾಲೇಜುಗಳಿಂದ ಬಂದವರ ಪ್ರಮಾಣ ನಿರೀಕ್ಷೆಗಿಂತ ಬಹಳ ಹೆಚ್ಚಿದೆ ಎಂದು ತೋರಿಸಿದ್ದರು. ಅದನ್ನು ಓದಿದ ಕಾಲೇಜುಗಳೆಲ್ಲ ಹಿಗ್ಗಿದವು. ಆದರೆ ಮುಂದಿನ ವರ್ಷಗಳಲ್ಲಿ ಬೇರೆ ಸಂಶೋಧಕರು ಸರಿಯಾದ ಆಕ್ಷೇಪವನ್ನೇ ಎತ್ತಿದರು: ಆ ಕಾಲದಲ್ಲಿ ಪ್ರಸಿದ್ಧ ಮಹಿಳಾ ಕಾಲೇಜುಗಳಿಗೆ ಸೇರುತ್ತಿದ್ದವರು ಬಹುಪಾಲು ಸ್ಥಿತಿವಂತರ ಮನೆಯವರು, ಮೊದಲೇ ಚೆನ್ನಾಗಿ ಓದುತ್ತಿದ್ದವರು; ಅವರು ಮುಂದೆ ಬಂದದ್ದು ಕಾಲೇಜಿನಿಂದಲೋ ಮನೆತನದಿಂದಲೋ ಎಂದು ಹೇಗೆ ಹೇಳುತ್ತೀರಿ? ಹುಡುಗಿಯರನ್ನು ಚೀಟಿ ಎತ್ತಿ ಎರಡು ಕಾಲೇಜುಗಳಿಗೆ ಹಂಚಿ ನೋಡುವಂತಿಲ್ಲವಾದ್ದರಿಂದ ಈ ಗಂಟು ಪೂರ್ತಿ ಬಿಡಿಸಲಾಗುವುದಿಲ್ಲ. ಕಾಲೇಜಿನ ಮಾಹಿತಿ ಪುಸ್ತಿಕೆಯಲ್ಲಿ ಹೆಸರಾಂತ ಹಳೆಯ ವಿದ್ಯಾರ್ಥಿನಿಯರ ಫೋಟೋಗಳನ್ನು ಕಂಡಾಗ ಈ ಆಕ್ಷೇಪವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಮ್ಯಾಡಲಿನ್ ಆಲ್‌ಬ್ರೈಟ್ ಮತ್ತು ಹಿಲರಿ ಕ್ಲಿಂಟನ್ ಇಬ್ಬರೂ ವೆಲೆಸ್ಲಿ ಎಂಬ ಮಹಿಳಾ ಕಾಲೇಜಿನಿಂದ ಬಂದರೆಂಬುದು ನಿಜ. ಅಲ್ಲಿ ಸೇರಿದ ಇನ್ನೊಬ್ಬಳಿಗೆ ಏನಾಗುತ್ತದೆ ಎಂಬುದನ್ನು ಆ ಎರಡು ಹೆಸರುಗಳು ಹೇಳಲಾರವು.

ನನ್ನ ಮಟ್ಟಿಗೆ ಹೇಳುವುದಾದರೆ, ಓದಿನಲ್ಲಿ ನಾನು ಎಲ್ಲಿದ್ದರೂ ಸುಮಾರಾಗಿ ಇಷ್ಟೇ ಅಂಕ ತೆಗೆಯುತ್ತಿದ್ದೆ. ಆದರೆ ಆ ಗುಂಡಿಯನ್ನು ಮುಟ್ಟುತ್ತಿದ್ದೆನೇ ಎಂಬುದು ನನಗೆ ಅನುಮಾನ. ಫೋನಿನಲ್ಲಿ ಅವಳಿಗೆ ಹೇಳಬೇಕಾಗಿದ್ದ ಉತ್ತರ ಇಷ್ಟೇ ಇತ್ತು.

ಪುಸ್ತಿಕೆಯ ಫೋಟೋಗಳಿಗಿಂತ ಹೆಚ್ಚು ಗಮನಿಸಬೇಕಾದ್ದು ಪಾಠ ಹೇಳುವವರನ್ನು. ವಿಜ್ಞಾನದ ಇತಿಹಾಸದಲ್ಲಿ ಮಹಿಳಾ ಕಾಲೇಜುಗಳು ವಿದ್ಯಾರ್ಥಿನಿಯರಿಗೆ ಮಾತ್ರವಲ್ಲ, ಬೇರೆಲ್ಲೂ ನೌಕರಿ ಸಿಗದ ವಿದುಷಿಯರಿಗೂ ನೆಲೆ ಕೊಟ್ಟಿವೆ. ಗಣಿತಜ್ಞೆ ಎಮ್ಮಿ ನೋಥರ್ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಹೆಸರಿನಲ್ಲಿ ಪಾಠ ಮಾಡುವ ಅನುಮತಿಯಿಲ್ಲದೆ ವರ್ಷಗಟ್ಟಲೆ ಅಲ್ಲಿನ ಗಣಿತಜ್ಞ ಹಿಲ್ಬರ್ಟರ ಹೆಸರಿನಲ್ಲಿ ಉಪನ್ಯಾಸ ಕೊಟ್ಟವರು. 1933ರಲ್ಲಿ ನಾಜಿ ಸರ್ಕಾರ ಅವರನ್ನು ಕೆಲಸದಿಂದ ತೆಗೆದಾಗ ಅವರು ಹೋಗಿ ಸೇರಿದ್ದು ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ, 1935ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿನವರೇ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿ, ಅಲ್ಲಿಂದ ಮಿಶಿಗನ್ನಿಗೆ ಹೋದವರು. ನಾನು ಓದಿದ ಕಾಲೇಜಿನಲ್ಲಿ ಅಷ್ಟು ದೊಡ್ಡವರು ಯಾರೂ ಇರಲಿಲ್ಲ. ಆದರೆ ವಿಭಾಗದ ಮುಖ್ಯಸ್ಥರೂ ಹೆಂಗಸು, ಲ್ಯಾಬಿನ ಉಪಕರಣ ಬಿಚ್ಚಿ ರಿಪೇರಿ ಮಾಡುತ್ತಿದ್ದವರೂ ಹೆಂಗಸು. ಆ ರಿಪೇರಿಯ ದೃಶ್ಯ, ಅಂದರೆ ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ಸೋಲ್ಡರಿಂಗ್ ಕಡ್ಡಿಯ ಹೊಗೆಯನ್ನು ಊದುತ್ತಿದ್ದ ಐವತ್ತು ದಾಟಿದ ಆ ಮುಖ, ಹೆಣ್ಣು ಮತ್ತು ವಿಜ್ಞಾನದ ಬಗ್ಗೆ ನಾನು ಕೇಳಿದ ಎಲ್ಲ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಇಷ್ಟು ಹೊಗಳಿದ ಮೇಲೆ ಗೇಟಿನ ವಿಷಯವನ್ನೂ ಹೇಳಲೇಬೇಕು. ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಹೊರಗೆ ಹೋಗುವಾಗ ಹೆಸರು, ಸಮಯ, ಹೋಗುವ ಜಾಗ, ಕಾರಣ, ಸಹಿ. ಬಂದಾಗ ಮತ್ತೆ ಸಹಿ. ಸಂಜೆ ಆರೂವರೆಗೆ ಆ ರಿಜಿಸ್ಟರನ್ನು ವಾರ್ಡನ್ ಕೋಣೆಗೆ ಒಯ್ಯುತ್ತಿದ್ದರು, ಆಮೇಲೆ ಬಂದವಳ ಮನೆಗೆ ಫೋನ್ ಹೋಗುತ್ತಿತ್ತು. ವಿಚಿತ್ರವೆಂದರೆ ಕಾಲೇಜಿನ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತಿತ್ತು, ಹಾಸ್ಟೆಲಿನಿಂದ ಅದಕ್ಕೆ ಮುನ್ನೂರು ಹೆಜ್ಜೆ. ಎಂಟರವರೆಗೆ ಅಲ್ಲಿ ಓದಲು ಸಾಧ್ಯವಿದ್ದದ್ದು ಹಾಸ್ಟೆಲಿನಲ್ಲಿ ಇಲ್ಲದವರಿಗೆ ಮಾತ್ರ. ಒಮ್ಮೆ ನಾನು ಹೊರಗೆ ಹೋಗುವ ಕಾರಣದ ಅಂಕಣದಲ್ಲಿ "ನಡೆಯಲು" ಎಂದು ಬರೆದೆ. ವಾರ್ಡನ್ ಕರೆಸಿ, ನಡೆಯುವುದು ಕಾರಣವಾಗುವುದಿಲ್ಲ ಎಂದರು. ಹಗಲಿಡೀ ನೀನು ಏನು ಬೇಕಾದರೂ ಮಾಡಬಲ್ಲೆ ಎಂದು ಹೇಳಿಕೊಟ್ಟ ಸಂಸ್ಥೆಯೇ ಸಂಜೆಯಾದೊಡನೆ ನಿನ್ನಿಂದ ಏನೂ ಆಗದು ಎಂದು ಹೇಳುತ್ತಿತ್ತು, ಮತ್ತು ಆ ವಿರೋಧ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯದಷ್ಟು ಸಹಜವಾಗಿತ್ತು. ಮುಂದೆ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ಪಿಂಜ್ರಾ ತೋಡ್, ಅಂದರೆ ಪಂಜರ ಮುರಿ, ಎಂಬ ಹೆಸರಿನಲ್ಲಿ ಹಾಸ್ಟೆಲಿನ ಇಂಥ ನಿಯಮಗಳ ವಿರುದ್ಧ ಬೀದಿಗಿಳಿದಾಗ, ಎಷ್ಟೋ ವರ್ಷಗಳ ನಂತರ ನನಗೆ ಆ ಅಂಕಣ ನೆನಪಾಯಿತು.

ಆದ್ದರಿಂದ ಕಾಲೇಜು ನೋಡಲು ಹೋದಾಗ ಪ್ರಾಂಶುಪಾಲರ ಕೋಣೆಯಿಂದ ಶುರುಮಾಡಬೇಡ ಎಂದು ಅವಳಿಗೆ ಹೇಳಿದೆ. ನಾವಿಬ್ಬರೂ ಮೊದಲು ಹೋದದ್ದು ನಾನು ಓದಿರದ ಆ ಇನ್ನೊಂದು ಮಹಿಳಾ ಕಾಲೇಜಿಗೆ. ಅಲ್ಲಿ ಅಂದು ಯಾವುದೋ ವಿಚಾರಸಂಕಿರಣದ ತಯಾರಿ ನಡೆದಿತ್ತು. ಸಭಾಂಗಣದ ವೇದಿಕೆಯ ಮೇಲೆ ಮೂರು ಹುಡುಗಿಯರು ಧ್ವನಿವರ್ಧಕದ ತಂತಿಗಳನ್ನು ಎಳೆದು ನೆಲಕ್ಕೆ ಟೇಪು ಹಚ್ಚುತ್ತಿದ್ದರು. ಒಬ್ಬಳು ಮಿಕ್ಸರಿನ ಮುಂದೆ ಕೂತು ಇನ್ನೊಬ್ಬಳಿಗೆ ಮೈಕಿನಲ್ಲಿ ಎಣಿಸುವಂತೆ ಕೂಗಿ ಹೇಳುತ್ತಿದ್ದಳು. ನಾಲ್ಕನೆಯವಳೊಬ್ಬಳು ಪಕ್ಕದಲ್ಲಿ ನಿಂತು ಇದೆಲ್ಲ ತಪ್ಪು ಎಂದು ವಾದಿಸುತ್ತಿದ್ದಳು. ನಾನು ಮುಂದೆ ಹೋಗೋಣ ಎಂದರೆ ನನ್ನ ಹುಡುಗಿ ಕದಲಲಿಲ್ಲ, ಬಾಗಿಲಲ್ಲೇ ನಿಂತು ಹತ್ತು ನಿಮಿಷ ನೋಡಿದಳು. ಆಮೇಲೆ ನನ್ನ ಹಳೆಯ ಕಾಲೇಜಿಗೆ ಹೋದೆವು. ಹೊಸ ಕಟ್ಟಡ, ಹೊಳೆಯುವ ನೆಲ. ಲ್ಯಾಬಿನಲ್ಲಿ ಹೊಸ ಉಪಕರಣಗಳು ಗಾಜಿನ ಕಪಾಟಿನೊಳಗೆ ಬೀಗದಲ್ಲಿದ್ದವು. ಪರಿಶೀಲನಾ ತಂಡ ಬಂದಾಗ ತೆರೆಯುತ್ತಾರಂತೆ. ಸಭಾಂಗಣದಲ್ಲಿ ಹೊರಗಿನಿಂದ ಬಂದ ಇಬ್ಬರು ಗಂಡಸರು ಧ್ವನಿವರ್ಧಕ ಜೋಡಿಸುತ್ತಿದ್ದರು, ಹುಡುಗಿಯರು ಅತಿಥಿಗಳ ಸ್ವಾಗತಕ್ಕೆಂದು ಸಾಲಾಗಿ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದರು. ನನ್ನ ಮೇಡಂ ನಿವೃತ್ತರಾಗಿ ವರ್ಷಗಳಾಗಿವೆ. ಗೇಟಿನ ರಿಜಿಸ್ಟರ್ ಮಾತ್ರ ಹಾಗೇ ಇದೆ, ಈಗ ಅದಕ್ಕೆ ಬೆರಳಚ್ಚಿನ ಯಂತ್ರವೂ ಜೊತೆಯಾಗಿದೆ.

ಮಹಿಳಾ ಕಾಲೇಜುಗಳ ನಿಜವಾದ ಕೊರತೆಗಳನ್ನೂ ಮುಚ್ಚಿಡುವುದು ಸರಿಯಲ್ಲ. ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಆದ್ದರಿಂದ ವಿಷಯಗಳ ಆಯ್ಕೆ ಕಡಿಮೆ. ಮೂರನೆಯ ವರ್ಷದಲ್ಲಿ ನಿನಗೆ ಬೇಕಾಗುವ ಪತ್ರಿಕೆ ಅಲ್ಲಿ ಇದೆಯೇ, ಅದನ್ನು ಪಾಠ ಮಾಡುವವರು ಕಾಯಂ ಆಗಿದ್ದಾರೆಯೇ ಎಂದು ಈಗಲೇ ಕೇಳಬೇಕು. ಪಠ್ಯಕ್ರಮದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತರಗತಿ ನಡೆಯುತ್ತದೆ ಎಂದೇನಿಲ್ಲ. ಅಮೆರಿಕದ ಕೆಲವು ಕಾಲೇಜುಗಳು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿವೆ. ವೆಲೆಸ್ಲಿಯ ವಿದ್ಯಾರ್ಥಿನಿಯರು ಎಂ.ಐ.ಟಿ.ಯಲ್ಲಿ ತರಗತಿ ತೆಗೆದುಕೊಳ್ಳಬಹುದು, ಬರ್ನಾರ್ಡಿನವರು ಕೊಲಂಬಿಯಾದಲ್ಲಿ, ಬ್ರಿನ್ ಮಾರ್‌ನವರು ಹ್ಯಾವರ್‌ಫರ್ಡಿನಲ್ಲಿ ಓದಬಹುದು. ಸ್ಮಿತ್ ಮತ್ತು ಮೌಂಟ್ ಹೋಲಿಯೋಕ್ ಅಕ್ಕಪಕ್ಕದ ಇತರ ಮೂರು ಸಂಸ್ಥೆಗಳೊಂದಿಗೆ ಒಂದು ಒಕ್ಕೂಟದಲ್ಲಿವೆ. ಆಯ್ಕೆ ಮಾಡುವ ಕಾಲೇಜಿಗೆ ಇಂಥದ್ದೊಂದು ಒಪ್ಪಂದವಿದ್ದರೆ, ಕಾಗದದ ಮೇಲಿನ ಒಪ್ಪಂದವೋ ಅಥವಾ ಕಳೆದ ವರ್ಷ ಯಾರಾದರೂ ಹೋಗಿ ಓದಿ ಬಂದಿದ್ದಾರೋ ಎಂದು ವಿಚಾರಿಸಬೇಕು. ಇನ್ನೊಂದು ಕಟುಸತ್ಯವೂ ಇದೆ. ಕಾಲೇಜು ನೀನು ಸೇರಿದ ರೂಪದಲ್ಲೇ ಉಳಿಯುತ್ತದೆಯೇ ಎಂಬ ಖಾತ್ರಿಯಿಲ್ಲ. ಅಮೆರಿಕದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜಿನ ಆಡಳಿತ ಮಂಡಳಿ 2015ರಲ್ಲಿ ಕಾಲೇಜನ್ನೇ ಮುಚ್ಚುವುದಾಗಿ ಘೋಷಿಸಿತ್ತು, ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ ಹೋರಾಡಿ ಉಳಿಸಿಕೊಂಡರು. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜು 2022ರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಸೇರುವ ಮುನ್ನ ಆಡಳಿತದವರನ್ನು ನೇರವಾಗಿ ಕೇಳಿದರೆ ತಪ್ಪೇನಿಲ್ಲ.

ಹುಡುಗರಿಲ್ಲದಿದ್ದರೆ ಮನಸ್ಸು ಓದಿನಲ್ಲೇ ಇರುತ್ತದೆ ಎಂಬ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ತರಗತಿಯ ಅರ್ಧದಷ್ಟು ಮಂದಿ ನಕ್ಕು ಬಿಡುತ್ತಾರೆ. ಹುಡುಗಿಯರಷ್ಟೇ ಸೇರಿದರೆ ಬರೀ ಜಗಳ ಎಂಬುದೂ ಅಷ್ಟೇ ಪೊಳ್ಳು. ಜಗಳ ಇತ್ತು, ಆದರೆ ಯಾರಿಗಾಗಿಯೂ ಅಲ್ಲ, ಫ್ಯಾನಿನ ವೇಗಕ್ಕಾಗಿ.

ಗಂಭೀರವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿಂದ ಹೊರಗೆ ಬಂದ ಮೇಲೆ ಏನಾಗುತ್ತದೆ? ಲೋಕದಲ್ಲಿ ಗಂಡಸರಿದ್ದಾರೆ, ಆದ್ದರಿಂದ ಮೊದಲೇ ಅಭ್ಯಾಸವಾಗಲಿ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸ್ನಾತಕೋತ್ತರ ಪದವಿಗೆ ನಾನು ಸೇರಿದ ವಿಭಾಗದಲ್ಲಿ ಇಪ್ಪತ್ನಾಲ್ಕು ಜನರಲ್ಲಿ ಹುಡುಗಿಯರು ಐವರು. ಮೊದಲ ಸೆಮಿನಾರಿನಲ್ಲಿ ನಾನು ಅಂಜದೆ ಎದ್ದು ಪ್ರಶ್ನೆ ಕೇಳಿದೆ. ಅದು ಮಹಿಳಾ ಕಾಲೇಜಿನ ಕೊಡುಗೆ. ಆದರೆ ನನ್ನ ವಾಕ್ಯ ಮುಗಿಯುವ ಮೊದಲೇ ಒಬ್ಬ ಸಹಪಾಠಿ ಅದೇ ಪ್ರಶ್ನೆಯನ್ನು ಇನ್ನೂ ದೊಡ್ಡ ದನಿಯಲ್ಲಿ ಕೇಳಿದ, ಪ್ರಾಧ್ಯಾಪಕರು ಅವನಿಗೆ ಉತ್ತರ ಕೊಟ್ಟರು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಲ್ಲಿಯವರೆಗೆ ನನ್ನ ಮಾತನ್ನು ಯಾರೂ ಕಿತ್ತುಕೊಂಡಿರಲಿಲ್ಲ, ಕಿತ್ತುಕೊಂಡರೆ ಮರಳಿ ಪಡೆಯುವ ವಿದ್ಯೆಯೂ ನನ್ನಲ್ಲಿ ಬೆಳೆದಿರಲಿಲ್ಲ. ಸಹಶಿಕ್ಷಣದಿಂದ ಬಂದ ಗೆಳತಿಯೊಬ್ಬಳು ಮಾತ್ರ ಅಂಥ ಸಂದರ್ಭದಲ್ಲಿ "ಸ್ವಲ್ಪ ಇರು, ನನ್ನದು ಮುಗಿಯಲಿ" ಎಂದು ಕೈಯೆತ್ತಿ ತಡೆಯುತ್ತಿದ್ದಳು. ಅದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಲೆಕ್ಕ ಹಾಕಿದರೆ, ಆ ಒಂದು ವರ್ಷದ ಮುಜುಗರ ಕೊಟ್ಟು ಮೂರು ವರ್ಷದ ಧೈರ್ಯ ಕೊಂಡಂತಾಯಿತು. ನನಗೆ ಅದು ಒಳ್ಳೆಯ ವ್ಯಾಪಾರವೇ. ಆ ಗೆಳತಿಯಂಥವಳಿಗೆ, ಅಂದರೆ ಹುಡುಗರ ನಡುವೆ ಈಗಾಗಲೇ ತನ್ನ ಜಾಗವನ್ನು ಗಿಟ್ಟಿಸಿಕೊಂಡು ಕೂತವಳಿಗೆ, ಮಹಿಳಾ ಕಾಲೇಜಿನಿಂದ ಸಿಗುವುದು ಕಡಿಮೆ ಇರಬಹುದು. ಹೆಣ್ಣು ಎಂಬ ಒಂದೇ ಗುರುತಿನಲ್ಲಿ ತನ್ನನ್ನು ಸೇರಿಸಿದರೆ ಉಸಿರುಗಟ್ಟುತ್ತದೆ ಎನ್ನುವವರಿಗೂ ಅದು ತಕ್ಕ ಜಾಗವಲ್ಲ. ಹೆಣ್ಣು ಎಂದರೆ ಯಾರು ಎಂಬ ಪ್ರಶ್ನೆಯನ್ನೂ ಈ ಕಾಲೇಜುಗಳು ಈಗ ಎದುರಿಸುತ್ತಿವೆ; ಅಮೆರಿಕದ ಮಿಲ್ಸ್, ಮೌಂಟ್ ಹೋಲಿಯೋಕ್ ಮುಂತಾದವು 2014ರಿಂದ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡುವ ನಿಯಮಗಳನ್ನು ಮಾಡಿಕೊಂಡವು.

ಕಳೆದ ವಾರ ಅವಳು ಮೂರನೆಯ ಕಾಲೇಜನ್ನೂ ನೋಡಿ ಬಂದಳು, ನನ್ನನ್ನು ಕರೆಯದೆ ಒಬ್ಬಳೇ. ಅಲ್ಲಿನ ಲ್ಯಾಬು ಮೂರರಲ್ಲೂ ದೊಡ್ಡದಂತೆ. ಮೇಜಿನ ಪಕ್ಕ ನಿಂತು ಒಂದು ತಂಡವನ್ನು ನೋಡಿದಳಂತೆ: ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. "ರೀಡಿಂಗ್ ಯಾರು ಬರೆಯುತ್ತಿದ್ದರು?" ಎಂದು ನಾನು ತಡೆಯಲಾರದೆ ಕೇಳಿದೆ. "ಒಬ್ಬ ಹುಡುಗ" ಎಂದಳು. ನನ್ನ ಇಡೀ ವಾದ ಅರ್ಧಕ್ಕೆ ನಿಂತಿತು. ಅವಳೇ ಮುಂದುವರಿದು, ಆದರೂ ತಾನು ಆ ಕಾಲೇಜನ್ನು ಎರಡನೆಯ ಆಯ್ಕೆಯಾಗಿ ಬರೆದಿರುವುದಾಗಿಯೂ, ಮೊದಲ ಆಯ್ಕೆ ಧ್ವನಿವರ್ಧಕದ ಹುಡುಗಿಯರ ಕಾಲೇಜೆಂದೂ ಹೇಳಿದಳು. ಹಾಸ್ಟೆಲಿನವರಿಗೆ ಅಲ್ಲಿನ ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ ಎಂಬುದನ್ನು ಎರಡನೆಯ ವರ್ಷದ ವಿದ್ಯಾರ್ಥಿನಿಯರನ್ನೇ ಕೇಳಿ ಖಚಿತಪಡಿಸಿಕೊಂಡಿದ್ದಾಳೆ. ನನ್ನ ಕಾಲೇಜು ಪಟ್ಟಿಯಲ್ಲೇ ಇಲ್ಲ. "ಬೇಜಾರು ಮಾಡ್ಕೋಬೇಡ ಚಿಕ್ಕಮ್ಮ" ಎಂದಳು. ಇಲ್ಲ ಎಂದೆ. ಸ್ವಲ್ಪ ಆಗಿತ್ತು. ಭಾವನವರಿಗೆ ರಾತ್ರಿ ಹತ್ತರ ಗ್ರಂಥಾಲಯದ ಸಂಗತಿಯನ್ನು ಇನ್ನೂ ಯಾರೂ ಹೇಳಿಲ್ಲ. ಅದನ್ನು ಹೇಳುವ ಕೆಲಸವನ್ನು ಅವಳು ನನಗೆ ಒಪ್ಪಿಸಿದ್ದಾಳೆ.